ಕಲ್ಲುಮನೆಯ ಮುಂಬಾಗಿಲು

ಸತ್ತ ಹುಡುಗರ ಸ್ಮರಣೆಗೆ ಬರುವ ನಾನೂರು ಜನರಿಗೆ ತಿಂಡಿ ಮಾಡಬೇಕು ಅಂದಾಗ ವರ್ನಾ ಹಚಿನ್ಸ್ ಹೂಂ ಅಂದಳೇ ಹೊರತು ಎರಡನೇ ಮಾತಾಡಲಿಲ್ಲ. ಮಾತಾಡಿದ್ದರೆ ಅಳು ಬರುತ್ತಿತ್ತು. ಅಳುತ್ತ ಹಿಟ್ಟು ನಾದುವುದು ಅವಳಿಂದ ಆಗದ ಕೆಲಸ. ಭಾನುವಾರ ಬೆಳಗ್ಗೆ ಎಂಟಕ್ಕೆಲ್ಲ ಎದುರುಮನೆಯ ಹುಡುಗಿಯರ ಅಡುಗೆಮನೆಗೆ ಬಂದು, ದಾಲ್ಚಿನ್ನಿ ಬನ್ನಿಗೆ ಹಿಟ್ಟು ಕಲಸಿಟ್ಟು, ಸ್ಯಾಂಡ್‌ವಿಚ್ಚಿಗೆ ಬ್ರೆಡ್ಡು ಕೊಯ್ಯುತ್ತ ನಿಂತಳು. ಒಲೆ ಪರರದು. ಅದು ಯಾವ ಮೂಲೆಯಲ್ಲಿ ಹೆಚ್ಚು ಸುಡುತ್ತದೆ ಎಂಬುದು ಇನ್ನೂ ಅವಳ ಕೈಗೆ ಹತ್ತಿರಲಿಲ್ಲ. ಮೊದಲ ತಟ್ಟೆಯ ಬನ್ನು ಒಂದು ಬದಿ ಕರಿಕಾಗಿ ಬಂತು. ಅದನ್ನು ನೋಡಲಾರದೆ ಡಬ್ಬಿಗೆ ಸುರಿದು ಮುಚ್ಚಳ ಹಾಕಿದಳು.

ಕಿಟಕಿಯಾಚೆ ಬೀದಿ. ಬೀದಿಯಾಚೆ ಅವಳ ಸ್ವಂತ ಅಡುಗೆಮನೆ ಇದ್ದ ಜಾಗ. ಆ ಕಲ್ಲುಮನೆಯ ಹುಡುಗರಿಗೆ ಇಪ್ಪತ್ತಮೂರು ವರ್ಷ ಬೇಯಿಸಿ ಹಾಕಿದವಳು ಅವಳು. ಮೂರು ವಾರದ ಹಿಂದೆ, ಹೀಗೇ ಒಂದು ಭಾನುವಾರ, ಬೆಳಕು ಹರಿಯುವ ಮುಂಚೆ ಅಡುಗೆಮನೆಯ ಪಕ್ಕದ ಉಗ್ರಾಣದ ಗೋಡೆಯೊಳಗಿನ ಹಳೇ ವೈರು ಹೊತ್ತಿಕೊಂಡು ಮನೆ ಸುಟ್ಟಿತು. ಪಿಯರ್ಸ್ ಮತ್ತು ಲೋವೆಲ್ ಮೇಲಿನ ಮಹಡಿಯಲ್ಲಿ ಮಲಗಿದ್ದಲ್ಲೇ ಸತ್ತರು. ಆನ್ಸೆಲ್ ಟಕೆಟ್ ಸತ್ತದ್ದು ಕೆಳಗೆ, ಅಡುಗೆಮನೆಗೆ ಹೋಗುವ ಓಣಿಯಲ್ಲಿ. ಅವನಿಗೆ ಹತ್ತೊಂಬತ್ತು ತುಂಬಿರಲಿಲ್ಲ. ಈಗ ಗೋಡೆಗಳಿವೆ, ಮುಂಬಾಗಿಲಿದೆ, ಮೇಲೆ ಚಾವಣಿಯಿಲ್ಲ.

ಕಾಲೇಜಿನ ದಿಬ್ಬದ ಕೆಳಗಿನ ಆ ಬೀದಿಯಲ್ಲಿ ವಿದ್ಯಾರ್ಥಿಗಳೇ ಸಂಘ ಕಟ್ಟಿಕೊಂಡು ಒಟ್ಟಿಗಿರುವ ಅಂಥ ಮನೆಗಳು ಹದಿನಾಲ್ಕು. ಒಂದೊಂದರ ಹಣೆಯ ಮೇಲೂ ಎರಡೋ ಮೂರೋ ಗ್ರೀಕ್ ಅಕ್ಷರ. ಒಂದು ಮನೆಗೆ ಸೇರಿದವರು ತಮ್ಮೊಳಗೆ ಸೋದರರು, ಹುಡುಗಿಯರಾದರೆ ಸೋದರಿಯರು. ಪಕ್ಕದ ಮನೆಯವರೊಂದಿಗೆ ಮಾತ್ರ ಹಾವು ಮುಂಗುಸಿ. ಒಬ್ಬರ ಬಾವುಟ ಇನ್ನೊಬ್ಬರು ಕದಿಯುವುದು, ಒಬ್ಬರ ಹುಲ್ಲಿನ ಮೇಲೆ ಇನ್ನೊಬ್ಬರು ಹಳದಿ ಬಣ್ಣ ಚೆಲ್ಲುವುದು ನಡೆದೇ ಇರುತ್ತಿತ್ತು. ಬೆಂಕಿಯ ಬೆಳಗ್ಗೆ ಅದೆಲ್ಲ ಒಂದೇ ಏಟಿಗೆ ನಿಂತುಹೋಯಿತು. ಬರಿಗಾಲಲ್ಲಿ ಹಿಮದ ಮೇಲೆ ನಿಂತಿದ್ದ ಕಲ್ಲುಮನೆಯ ಹುಡುಗರಿಗೆ ಬಾವುಟ ಕದ್ದವರೇ ಬೂಟು ಬಿಚ್ಚಿ ಕೊಟ್ಟರು. ಹದಿನಾಲ್ಕೂ ಮನೆಯವರು ಎದೆಗೆ ಕಪ್ಪು ಪಟ್ಟಿ ಚುಚ್ಚಿಕೊಂಡು ಒಬ್ಬರ ಹೆಗಲ ಮೇಲೊಬ್ಬರು ಅತ್ತರು. ಕಾಲೇಜಿನವರು ಎಲ್ಲ ಮನೆಗೂ ಹೊಗೆ ಕಂಡರೆ ಕೂಗುವ ಹೊಸ ಯಂತ್ರ ಹಾಕಿಸಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ದೊಡ್ಡವರು ಯಾವತ್ತೂ ಹಿಂದೆ ಬಿದ್ದವರಲ್ಲ.

ಆದರೆ ಒಂದು ಮಾತನ್ನು ಯಾರೂ ಆಡಿರಲಿಲ್ಲ.

ಈ ಮನೆಗಳಿಗೆ ಸೇರಬೇಕೆನ್ನುವವರು ಮೊದಲು ಎರಡು ಮೂರು ತಿಂಗಳು ಹೊಸಬರಾಗಿರಬೇಕು. ಆಮೇಲೆ ಒಂದು ದಿನ ದೀಕ್ಷೆ. ಅಲ್ಲಿಯವರೆಗೆ ಒಂದೊಂದು ಮನೆಯಲ್ಲಿ ಒಂದೊಂದು ಕಟ್ಟು. ಕಲ್ಲುಮನೆಯ ಕಟ್ಟು ಏನೆಂದರೆ ಹೊಸಬರು ಮುಂಬಾಗಿಲು ದಾಟಬಾರದು. ಬಂದರೂ ಹೋದರೂ ಹಿತ್ತಲ ಬಾಗಿಲಿಂದ, ವರ್ನಾಳ ಅಡುಗೆಮನೆಯ ಮೂಲಕ. ದೀಕ್ಷೆಯ ದಿನ ಮುಂಬಾಗಿಲನ್ನು ಹಾರು ಹೊಡೆದು, ಒಬ್ಬೊಬ್ಬರ ಹೆಸರು ಕೂಗಿ, ಹಾಡು ಹೇಳಿ ಒಳಗೆ ಕರೆದುಕೊಳ್ಳುತ್ತಿದ್ದರು. ಹೊಡೆತ ಬಡಿತವಿಲ್ಲ, ಕುಡಿಸುವ ಹಾವಳಿಯಿಲ್ಲ. ಇದರಲ್ಲಿ ಕೆಟ್ಟದ್ದೇನಿದೆ ಎಂದು ಯಾರಿಗೂ ಅನಿಸಿರಲಿಲ್ಲ. ವರ್ನಾಳಿಗಂತೂ ಅದೊಂದು ಸಂಭ್ರಮವೇ ಆಗಿತ್ತು. ಅಡುಗೆಮನೆ ಹಾದು ಹೋಗುವ ಹುಡುಗ ಬರಿಗೈಲಿ ಹೋಗುತ್ತಾನೆಯೇ? ಒಬ್ಬನ ಕೈಗೆ ಆಲೂಗೆಡ್ಡೆ ಮೂಟೆ, ಇನ್ನೊಬ್ಬನ ಕೈಗೆ ತಟ್ಟೆಯ ಅಟ್ಟಿ ಕೊಟ್ಟು, ಊರು ಕೇರಿ ವಿಚಾರಿಸಿ ಕಳಿಸುತ್ತಿದ್ದಳು.

ಈ ವರ್ಷ ಹೊಸಬರು ಏಳು ಜನ. ಆ ಶನಿವಾರ ಆರು ಜನ ಇನ್ನೊಂದು ಮನೆಯ ಕುಣಿತಕ್ಕೆ ಹೋಗಿ ಅಲ್ಲೇ ಉಳಿದರು. ಆನ್ಸೆಲ್‌ಗೆ ನೆಗಡಿ, ಮೈಬಿಸಿ. ಹಜಾರದ ಸೋಫಾದ ಮೇಲೆ ಮಲಗಿಕೊಂಡ. ಅಲ್ಲಿಂದ ಮುಂಬಾಗಿಲಿಗೆ ಎಂಟು ಹೆಜ್ಜೆ. ಚಿಲಕ ಕೂಡ ಹಾಕಿರಲಿಲ್ಲ. ಹೊಗೆ ತುಂಬಿದಾಗ ಅವನಿಗೆ ಎಚ್ಚರವಾಗಿತ್ತು, ಎದ್ದಿದ್ದ, ನಡೆದಿದ್ದ. ಹಜಾರ ದಾಟಿ, ಊಟದ ಕೋಣೆ ದಾಟಿ, ಬೆಂಕಿ ಇದ್ದ ಕಡೆಗೇ ನಡೆದಿದ್ದ.

ಯಾಕೆ ಎಂದು ಅವನ ತಾಯಿ ಡೋರೀನ್ ಟಕೆಟ್ ವಿಚಾರಣೆಯ ದಿನ ಎದ್ದು ನಿಂತು ಕೇಳಿದಳು. ಅಗ್ನಿಶಾಮಕ ಇಲಾಖೆಯ ಅಧಿಕಾರಿ ಒಳ್ಳೆಯ ಮನುಷ್ಯ. "ಹೊಗೆಯಲ್ಲಿ ಕಣ್ಣು ಕಾಣಲ್ಲಮ್ಮ. ಮನುಷ್ಯ ದಿನಾ ಓಡಾಡೋ ದಾರೀನೇ ಹಿಡೀತಾನೆ" ಅಂದ. "ದಿನಾ ಹಿತ್ತಲ ಬಾಗಿಲಲ್ಲಿ ಯಾರು ಓಡಾಡ್ತಾರೆ ಸ್ವಾಮಿ?" ಅಂದಳು ಡೋರೀನ್. ಕಲ್ಲುಮನೆಯ ಹುಡುಗರೆಲ್ಲ ಅಲ್ಲೇ ಸಾಲಾಗಿ ಕೂತಿದ್ದರು. ಒಬ್ಬನೂ ತಲೆಯೆತ್ತಲಿಲ್ಲ. ಹಿಂದಿನ ಸಾಲಿನಲ್ಲಿ ವರ್ನಾ ಇದ್ದಳು. ಅವಳೂ ಎತ್ತಲಿಲ್ಲ.

ಅಂದಿನಿಂದ ಅವಳ ಬಾಯಲ್ಲಿ ಬಿಸಿತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಹುಡುಗರ ಕಟ್ಟಿನ ಮಾತಷ್ಟೇ ಆಗಿದ್ದರೆ ಎಂದೋ ಉಗುಳಿಬಿಡುತ್ತಿದ್ದಳು, ಅವಳೇನು ಬಾಯಿಸತ್ತ ಹೆಂಗಸಲ್ಲ. ಅದರಲ್ಲಿ ತನ್ನದೂ ಒಂದು ಪಾಲಿತ್ತು.

ಜನವರಿಯ ಒಂದು ಸಂಜೆ ಮಂಜುಗಡ್ಡೆಯ ಮಳೆ ಸುರಿಯುತ್ತಿತ್ತು. ಹಿತ್ತಲ ಮೆಟ್ಟಿಲೆಲ್ಲ ಗಾಜಿನ ಹಾಗೆ ಜಾರುತ್ತಿತ್ತು. ಆನ್ಸೆಲ್ ಪುಸ್ತಕದ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಮುಂಬಾಗಿಲಿಂದಲೇ ನುಗ್ಗಿ ಬಂದ. ಹುಡುಗರು ಊಟಕ್ಕೆ ಕೂತಿದ್ದರು. ಯಾರೂ ನೋಡಿರಲಿಲ್ಲ. ನೋಡಿದವಳು ವರ್ನಾ. ಸೌಟು ಎತ್ತಿ, ಸೊಂಟದ ಮೇಲೆ ಕೈಯಿಟ್ಟು ಕೂಗಿದಳು: "ಏಯ್! ಯಾರೋ ಅದು ದೊಡ್ಮನುಷ್ಯ? ದೀಕ್ಷೆ ಆಯ್ತೇನೋ ನಿಂದು? ತಿರುಗು, ಹಿತ್ತಲಿಂದ ಬಾ!" ಹುಡುಗರು ಮೇಜು ಬಡಿದು ನಕ್ಕರು. ಅವನು ಕಿವಿ ಕೆಂಪಗೆ ಮಾಡಿಕೊಂಡು ಆ ಮಳೆಯಲ್ಲಿ ಮನೆ ಸುತ್ತಿ, ಎರಡು ಸಲ ಜಾರಿ ಬಿದ್ದು, ಅಡುಗೆಮನೆಯ ಬಾಗಿಲಲ್ಲಿ ನೀರು ಸುರಿಸುತ್ತ ನಿಂತು, "ಈಗ ಸರೀನಾ, ಮಿಸ್ ವರ್ನಾ?" ಅಂದ. ಅವಳು ಬನ್ನಿನ ತಟ್ಟೆಯಿಂದ ಮೂಲೆಯ ತುಂಡು ಕಿತ್ತು ಅವನ ಬಾಯಿಗೇ ತುರುಕಿದಳು. ಆ ಹುಡುಗ ಒಂದೇ ಸಲಕ್ಕೆ ಕಲಿತ. ಆಮೇಲೆ ಒಂದು ದಿನವೂ ತಪ್ಪಲಿಲ್ಲ.

ಹನ್ನೊಂದು ಗಂಟೆಗೆ ಗ್ರೇಡನ್ ಬಂದ. ಕಲ್ಲುಮನೆಯ ಅಧ್ಯಕ್ಷ. ಹೊಸಬರಿಗೆ ಒಬ್ಬೊಬ್ಬ ಅಣ್ಣನನ್ನು ಗೊತ್ತುಮಾಡುವ ಪದ್ಧತಿ ಅವರದು. ಆನ್ಸೆಲ್‌ಗೆ ಇವನೇ ಅಣ್ಣ. ಕರಿ ಸೂಟು ಯಾರದೋ, ತೋಳು ಗಿಡ್ಡವಾಗಿತ್ತು. ಅವನದೆಲ್ಲ ಸುಟ್ಟುಹೋಗಿತ್ತಲ್ಲ.

"ಅವರಮ್ಮ ಬಂದಿದಾರೆ, ಮುಂದೆ ಹಜಾರದಲ್ಲಿ ಕೂತಿದಾರೆ" ಅಂದ.

"ಗೊತ್ತು."

"ಎರಡು ಗಂಟೆಗೆ ಶುರು ಮಾಡ್ತೀವಿ. ಪಿಯರ್ಸ್, ಲೋವೆಲ್ ಹೆಸರು ಹೇಳಿ ಹೂವು ಇಡೋದು. ಆಮೇಲೆ ಆನ್ಸೆಲ್‌ಗೆ ದೀಕ್ಷೆ. ದೀಕ್ಷೆ ಆದೋರಿಗೆ ಕೊಡೋ ಪದಕ ಅವರಮ್ಮನ ಕೈಗೆ ಕೊಟ್ಟು, ಅವನ ಹೆಸರು ಕೂಗಿ, ಅವರನ್ನ ಮುಂಬಾಗಿಲಿಂದ ಒಳಗೆ ಕರ್ಕೊಳ್ಳೋದು. ಬಾಗಿಲ ಒಳಗೆ ಬೂದಿ ಗುಡಿಸಿ ಹಲಗೆ ಹಾಸಿದೀವಿ. ಹತ್ತು ಹೆಜ್ಜೆ ಒಳಗೆ ಹೋಗಿ ಬಂದ್ರೆ ಸಾಕು."

ವರ್ನಾಳ ಕೈಯಲ್ಲಿದ್ದ ಚಾಕು ನಿಂತಿತು. "ಯಾವನ ತಲೆಗೆ ಹೊಳೀತೋ ಇದು? ಮುಂಬಾಗಿಲು! ಅದೂ ಅವರಮ್ಮನ್ನ!"

"ಎಲ್ಲರೂ ಸೇರಿ ಮಾಡಿದ್ದು, ಮಿಸ್ ವರ್ನಾ. ಅವನಿಗೆ ಅದೊಂದು ಬಾಕಿ ಉಳೀತಲ್ಲ ಅಂತ."

"ಯಾಕೆ ಬಾಕಿ ಉಳೀತು ಅಂತ ಆಯಮ್ಮನಿಗೆ ಗೊತ್ತಾ?"

ಗ್ರೇಡನ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ದಯವಿಟ್ಟು ಹೇಳ್ಬೇಡಿ. ಹೇಳಿದ್ರೆ ಅವನೇನು ವಾಪಸ್ ಬರ್ತಾನಾ? ಮೂವತ್ತೊಂದು ಜನ ಇದೀವಿ, ಒಬ್ಬೊಬ್ಬನಿಗೂ ಗೊತ್ತು. ನಿದ್ದೆ ಬಂದ್ರೆ ಕೇಳಿ. ಮೊದಲನೇ ದಿನ ಅವನಿಗೆ ಆ ಕಟ್ಟು ಓದಿ ಹೇಳಿದ್ದು ನಾನು. ಇದೇ ಬಾಯಿಂದ." ಅಷ್ಟು ಹೇಳಿ ಅವನು ಗೋಡೆಗೆ ಹಣೆ ಕೊಟ್ಟು ಅಳತೊಡಗಿದ. ಆರಡಿ ಹುಡುಗ, ಚಿಕ್ಕ ಮಗುವಿನ ಹಾಗೆ ಬಿಕ್ಕುತ್ತಿದ್ದ. ವರ್ನಾ ಹಿಟ್ಟಿನ ಕೈಯಲ್ಲೇ ಅವನ ಬೆನ್ನು ಸವರಿದಳು. ಕರಿ ಸೂಟಿನ ಮೇಲೆ ಬಿಳಿ ಗುರುತು ಬಿತ್ತು. ಒರೆಸಿ ಕಳಿಸಿದಳು, ಹೇಳುತ್ತೇನೆ ಅನ್ನಲಿಲ್ಲ, ಹೇಳುವುದಿಲ್ಲ ಅಂತಲೂ ಅನ್ನಲಿಲ್ಲ.

ಅರ್ಧ ಗಂಟೆ ಕಳೆದಿರಬೇಕು, ಅಡುಗೆಮನೆಯ ಬಾಗಿಲು ತಳ್ಳಿಕೊಂಡು ಡೋರೀನ್ ಒಳಗೆ ಬಂದಳು. ನದಿಯಾಚೆಯ ಸಣ್ಣ ಊರಿನಲ್ಲಿ ಸ್ಕೂಲ್ ಬಸ್ ಓಡಿಸುವವಳು, ಅಗಲ ಭುಜ, ದೊಡ್ಡ ಕೈ. ಕಣ್ಣು ಒಣಗಿತ್ತು.

"ಇಲ್ಲಿ ಸ್ವಲ್ಪ ಇರ್ಲಾ? ಅಲ್ಲಿ ಬಂದೋರೆಲ್ಲ ನನ್ನ ಕೈ ಹಿಡ್ಕೋತಾರೆ. ಪಾಪದ ಮಕ್ಕಳು, ಬೇಡ ಅನ್ನೋಕಾಗಲ್ಲ. ಬೆರಳು ನೋಯ್ತಿದೆ. ಏನಾದ್ರೂ ಕೆಲಸ ಕೊಡಿ."

ವರ್ನಾ ಬೆಣ್ಣೆಯ ಬಟ್ಟಲನ್ನೂ ಚಾಕುವನ್ನೂ ಅವಳ ಕಡೆ ದೂಡಿದಳು. ಇಬ್ಬರೂ ಎದುರುಬದುರು ನಿಂತು ಕೆಲಸ ಮಾಡಿದರು. ಡೋರೀನ್ ಬ್ರೆಡ್ಡಿನ ಅಂಚಿನವರೆಗೂ ಬೆಣ್ಣೆ ಹಚ್ಚುತ್ತಿದ್ದಳು, ಮಕ್ಕಳಿಗೆ ಬುತ್ತಿ ಕಟ್ಟಿದ ಕೈ ಎಂದು ನೋಡಿದರೇ ತಿಳಿಯುತ್ತಿತ್ತು.

"ನೀವೇ ಅಲ್ವಾ ಮಿಸ್ ವರ್ನಾ?" ಅಂದಳು. "ಬನ್ನಿನ ಮೂಲೆ ತುಂಡು ಅವನಿಗೇ ಎತ್ತಿಡ್ತಿದ್ರಂತೆ. ಫೋನ್ ಮಾಡಿದಾಗೆಲ್ಲ ನಿಮ್ಮ ಜಪ. ನನಗೆ ಹೊಟ್ಟೆಕಿಚ್ಚಾಗಿ, ಹಂಗಾದ್ರೆ ಅಲ್ಲೇ ಇದ್ಬಿಡೋ ಅಂದಿದ್ದೆ ಒಂದ್ಸಲ." ಚಾಕು ನಿಲ್ಲಿಸಿದಳು. "ಒಂದು ಮಾತು ಕೇಳ್ತೀನಿ. ಎಲ್ಲರನ್ನೂ ಕೇಳಾಯ್ತು. ನೀವು ಅಡುಗೆಮನೆಯಲ್ಲಿ ಇದ್ದೋರು. ನನ್ನ ಮಗ ಯಾಕೆ ಆ ಕಡೆ ಹೋದ?"

ಗೊತ್ತಿಲ್ಲ ಎನ್ನುವುದು ಎಷ್ಟು ಸುಲಭದ ಮಾತು. ಮೂರಕ್ಷರ. ಹೇಳಿದರೆ ಈ ಹೆಂಗಸು ಬೆಣ್ಣೆ ಹಚ್ಚುತ್ತ ಇರುತ್ತಾಳೆ, ಎರಡು ಗಂಟೆಗೆ ಆ ಬಾಗಿಲು ದಾಟುತ್ತಾಳೆ, ಪದಕ ಹಿಡಿದು ಊರಿಗೆ ಹೋಗುತ್ತಾಳೆ. ಆ ಬಾಗಿಲು ದಾಟುವ ಚಿತ್ರ ಕಣ್ಣಿಗೆ ಕಟ್ಟಿದಾಗ ಮಾತ್ರ ವರ್ನಾಳಿಂದ ತಡೆಯಲಾಗಲಿಲ್ಲ. ಹೇಳಿಬಿಟ್ಟಳು. ಹೊಸಬರ ಕಟ್ಟು, ಹಿತ್ತಲ ಬಾಗಿಲು, ದೀಕ್ಷೆಯ ದಿನದ ಹಾಡು, ಎಲ್ಲ.

ಡೋರೀನ್ ಚಾಕು ಕೆಳಗಿಟ್ಟಳು. ಆಮೇಲೆ ಮೆಲ್ಲಗೆ, "ಆಟ" ಅಂದಳು. "ಹುಡುಗಾಟ. ಆ ಹುಡುಗರು ನನ್ನ ಎದುರಿಗೇ ಕೂತಿದ್ರಲ್ಲ ಅವತ್ತು, ಒಬ್ಬನಾದ್ರೂ..." ಮೇಜು ಸುತ್ತಿ ಬಂದು ವರ್ನಾಳನ್ನು ಬಿಗಿದಪ್ಪಿಕೊಂಡಳು. "ಇಷ್ಟು ಜನರಲ್ಲಿ ನಿಜ ಹೇಳಿದ್ದು ನೀವೊಬ್ರು. ನೀವು ಅವನಿಗೆ ಹೊಟ್ಟೆ ತುಂಬ ಹಾಕಿದ್ರಿ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ."

ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಬಿಟ್ಟರೆ ತಪ್ಪೆನ್ನಲು ಅಲ್ಲಿ ಯಾರೂ ಇರಲಿಲ್ಲ. ಆದರೆ ಆ ತಾಯಿಯ ತೋಳಿನೊಳಗೆ ನಿಂತಿರುವುದು ವರ್ನಾಳಿಗೆ ಕಳ್ಳತನ ಮಾಡಿದಷ್ಟು ಕಷ್ಟವಾಯಿತು. ಬಿಡಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ನನ್ನ ತಬ್ಕೋಬೇಡಿ. ಇನ್ನೂ ಇದೆ. ಒಂದಿನ ಅವನು ಮುಂದಿನಿಂದ ಬಂದಿದ್ದ. ಮಳೆ ಅಂತ. ಹುಡುಗರ್ಯಾರೂ ನೋಡಿರ್ಲಿಲ್ಲ ತಾಯಿ, ನೋಡಿದ್ದು ನಾನು. ನಾನೇ ಕೂಗಿ, ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿ, ಹಿತ್ತಲಿಂದ ಬಾ ಅಂತ ಓಡಿಸ್ದೆ. ನಾನು ಆ ಮನೆಯವಳೂ ಅಲ್ಲ, ನನಗ್ಯಾಕೆ ಬೇಕಿತ್ತು? ತಮಾಷೆಗೆ. ಬರೀ ತಮಾಷೆಗೆ."

ಡೋರೀನಳ ಮುಖದಲ್ಲಿ ಸಿಟ್ಟು ಬರುತ್ತದೆಂದು ವರ್ನಾ ಕಾದಳು. ಬಂದರೆ ಒಂದು ಏಟು ಹೊಡೆದುಬಿಡಲಿ ಎಂದೂ ಬಯಸಿದಳು. ಬಂದದ್ದು ಬೇರೆ. ಆ ಹೆಂಗಸಿನ ಮೋರೆ ಬಿಳುಚಿಕೊಂಡಿತು. ಕುರ್ಚಿಗಾಗಿ ಕೈ ತಡವಿ ಕೂತಳು.

"ಜನವರಿಯಲ್ಲಿ?" ಅಂದಳು. "ಎರಡು ಸಲ ಜಾರಿ ಬಿದ್ದ?"

"ಹೂಂ."

"ಅವತ್ತು ಫೋನ್ ಮಾಡಿದ್ದ. 'ಮಮ್ಮಿ, ಇವತ್ತು ಅಡುಗೆಯಮ್ಮ ನನ್ನ ಓಡಿಸ್ಬಿಟ್ಳು' ಅಂತ ನಗ್ತಿದ್ದ. ನಾನು ಬಸ್ ನಿಲ್ಲಿಸಿ ಬಂದು ಸುಸ್ತಾಗಿದ್ದೆ, ಅರ್ಧಂಬರ್ಧ ಕೇಳಿಸ್ಕೊಂಡೆ. ನಾನು ಏನಂದೆ ಗೊತ್ತಾ?" ಮಡಿಲಲ್ಲಿದ್ದ ಎರಡೂ ಕೈ ನೋಡಿಕೊಂಡಳು. "'ಊಟ ಹಾಕೋರ ಮಾತು ಮೀರಬೇಡ ಕಣೋ' ಅಂದೆ. 'ಹಿತ್ತಲಿಂದ ಬಾ ಅಂದ್ರೆ ಹಿತ್ತಲಿಂದಾನೇ ಬಾ. ಇನ್ನೊಂದ್ಸಲ ಹೇಳಿಸ್ಕೋಬೇಡ' ಅಂದೆ. ಮರೆತೇ ಹೋಗಿತ್ತು. ನೀವು ಹೇಳೋವರೆಗೂ ಮರೆತಿದ್ದೆ. ಮೂರು ವಾರದಿಂದ ಕಂಡೋರನ್ನೆಲ್ಲ ಕೇಳ್ತಾ ಬಂದೆ, ಉತ್ತರ ನನ್ನ ಬಾಯಲ್ಲೇ ಇತ್ತು."

ವರ್ನಾ ಅವಳ ಕಡೆ ಧಾವಿಸಿದಳು. ತನ್ನ ಎದೆಯ ಭಾರ ಇಳಿಸಿಕೊಳ್ಳಲು ಹೋಗಿ ಅದನ್ನು ಹೆತ್ತವಳ ತಲೆಯ ಮೇಲೆ ಹೊರಿಸಿದಂತಾಗಿತ್ತು. ಅವಳ ಕಾಲ ಬಳಿ ಕುಸಿದು ಕೂತು, "ನಾನು ಹೇಳ್ಬಾರ್ದಿತ್ತು. ನನ್ನ ನಾಲಿಗೆಗೆ ಹುಳ ಬೀಳ" ಅಂದಳು.

"ಇಲ್ಲ." ಡೋರೀನ್ ತಲೆಯಾಡಿಸಿದಳು. ಈಗ ಅವಳ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು. "ದಿಕ್ಕು ತೋಚದೆ ಹೋದ ಅಂದ್ಕೊಂಡಿದ್ದೆ. ಹೆದರ್ಕೊಂಡು, ದಾರಿ ತಪ್ಪಿ, ಒಬ್ಬನೇ. ದಿನಾ ಅದೇ ಕಣ್ಮುಂದೆ. ಅವನು ದಾರಿ ತಪ್ಪಿರ್ಲಿಲ್ಲ, ಮಿಸ್ ವರ್ನಾ. ನಾವೆಲ್ಲ ಹೇಳಿಕೊಟ್ಟಿದ್ದನ್ನ ಕೇಳ್ದ. ಅಷ್ಟೇ."

ಒಲೆಯ ಗಂಟೆ ಬಡಿದಾಗ ವರ್ನಾ ಎದ್ದು ಬನ್ನು ಹೊರತೆಗೆದಳು. ಈ ಸಲ ಸರಿಯಾಗಿ ಬೆಂದಿತ್ತು. ತಿನ್ನುವ ಮನಸ್ಸು ಯಾರಿಗಿತ್ತು?

ಎರಡು ಗಂಟೆಗೆ ಬೀದಿ ತುಂಬಿ ನಿಂತಿತ್ತು. ಮೇಲಿಂದ ಒದ್ದೆ ಹಿಮ ಉದುರುತ್ತಿತ್ತು, ಯಾರೂ ಛತ್ರಿ ಬಿಚ್ಚಲಿಲ್ಲ. ಮುಂದೆ ದೀಕ್ಷೆಯಾದವರು, ತಂತಮ್ಮ ಮನೆಯ ಅಕ್ಷರ ತೊಟ್ಟು. ಹಿಂದಿನ ಸಾಲುಗಳಲ್ಲಿ ಹದಿನಾಲ್ಕು ಮನೆಯ ಹೊಸಬರು. ಅಕ್ಷರ ತೊಡುವ ಹಕ್ಕು ಅವರಿಗಿನ್ನೂ ಬಂದಿರಲಿಲ್ಲ. ಪಿಯರ್ಸ್‌ಗೆ, ಲೋವೆಲ್‌ಗೆ ಹೂವಿಟ್ಟರು. ಹಾಡು ಹೇಳಿದರು. ದನಿಗಳು ನಡುವೆ ಒಡೆದುಹೋದವು, ಪಕ್ಕದ ಮನೆಯವರು ಎತ್ತಿಕೊಂಡು ಮುಗಿಸಿದರು. ಗ್ರೇಡನ್ ಪದಕವನ್ನು ಡೋರೀನಳ ಅಂಗೈಯಲ್ಲಿಟ್ಟು, ಮುಂಬಾಗಿಲನ್ನು ಪೂರ್ತಿ ತೆರೆದು ಕೂಗಿದ: "ಆನ್ಸೆಲ್ ಟಕೆಟ್, ಸೋದರನೇ, ಒಳಗೆ ಬಾ."

ಡೋರೀನ್ ಕದಲಲಿಲ್ಲ. ಗ್ರೇಡನ್ ವರ್ನಾಳ ಕಡೆ ನೋಡಿದ, ನೋಡಿದೊಡನೆ ಅವನಿಗೆ ತಿಳಿಯಿತು.

"ನನ್ನ ಮಗ ಈ ಬಾಗಿಲಿಂದ ಆಚೆ ಬರಬೇಕಿತ್ತು" ಅಂದಳು ಡೋರೀನ್. "ಒಳಗೆ ಹೋಗಿ ನನಗೇನೂ ಆಗಬೇಕಾಗಿಲ್ಲ."

ಆಮೇಲೆ ಅವಳು ಜನರ ಕಡೆ ತಿರುಗಿದಳು. ಐವತ್ತು ಮಕ್ಕಳ ಗಲಾಟೆಯ ಮೇಲೆ ಹಿಂದಿನ ಸೀಟಿನವರೆಗೂ ಮುಟ್ಟುವ ದನಿ ಅವಳದು. "ಇಲ್ಲಿ ಹೊಸಬರು ಯಾರ್ಯಾರಿದೀರಿ? ಕೈ ಎತ್ತಿ."

ಹಿಂದಿನಿಂದ ಒಂದು ಕೈ, ಎರಡು ಕೈ, ಆಮೇಲೆ ರಾಶಿ ಕೈ ಎದ್ದವು.

"ಯಾರು ಯಾರು ನಿಮ್ಮ ಮನೆಗೆ ಮುಂದಿನ ಬಾಗಿಲಿಂದ ಹೋಗೋ ಹಾಗಿಲ್ಲ? ಅವರು ಮಾತ್ರ ಕೈ ಇಳಿಸಬೇಡಿ."

ಕಲ್ಲುಮನೆಯ ಕಟ್ಟು ಕಲ್ಲುಮನೆಗಷ್ಟೇ ಎಂದು ವರ್ನಾ ಇಪ್ಪತ್ತಮೂರು ವರ್ಷ ತಿಳಿದಿದ್ದಳು. ಅರ್ಧಕ್ಕರ್ಧ ಕೈಗಳು ಇಳಿಯಲೇ ಇಲ್ಲ. ಮುಂದಿನ ಸಾಲುಗಳಲ್ಲಿದ್ದವರು ಹಿಂತಿರುಗಿ ನೋಡಿ ತಲೆ ತಗ್ಗಿಸಿದರು.

"ನಾನು ಯಾರಿಗೂ ಬಯ್ಯೋಕೆ ಬಂದಿಲ್ಲ. ನಾನೂ ಅವನಿಗೆ ಹಿತ್ತಲ ಬಾಗಿಲನ್ನೇ ಹೇಳಿಕೊಟ್ಟೋಳು" ಅಂದಳು ಡೋರೀನ್. "ಈಗ ಹೋಗಿ. ನಿಮ್ಮ ನಿಮ್ಮ ಮನೆಗೆ ಹೋಗಿ, ಮುಂದಿನ ಬಾಗಿಲಿಂದ ಒಳಗೆ ಹೋಗಿ ಆಚೆ ಬನ್ನಿ. ಇನ್ನೊಂದ್ಸಲ ಹೋಗಿ, ಇನ್ನೊಂದ್ಸಲ ಬನ್ನಿ. ಕಣ್ಮುಚ್ಕೊಂಡು ಬರೋಕಾಗೋವರೆಗೂ. ನಾನು ಇಲ್ಲೇ ನಿಂತಿರ್ತೀನಿ, ಅವಸರ ಇಲ್ಲ."

ಮೊದಲು ಯಾರೂ ಹೊರಡಲಿಲ್ಲ. ಆಮೇಲೆ ಎದುರುಮನೆಯ ಹೊಸಬರಲ್ಲಿ ಒಬ್ಬ ಸಣ್ಣ ಮೈಯ ಹುಡುಗಿ ಸಾಲು ಬಿಟ್ಟು ಓಡಿದಳು. ಮುಂದಿನ ಮೆಟ್ಟಿಲು ಹತ್ತುವಾಗ ಒಂದು ಕ್ಷಣ ಅಂಜಿ ನಿಂತು, ಬಾಗಿಲು ತೆರೆದು ಒಳಹೊಕ್ಕಳು, ಹೊರಬಂದಳು. ಅವಳ ಹಿಂದೆ ಇನ್ನೊಬ್ಬಳು. ಬೀದಿಯ ಉದ್ದಕ್ಕೂ ಬಾಗಿಲುಗಳು ತೆರೆದು ಮುಚ್ಚುವ ಸದ್ದು ಶುರುವಾಯಿತು. ದೀಕ್ಷೆಯಾದವರು ಹೋಗಿ ಬಾಗಿಲು ಹಿಡಿದು ನಿಂತರು.

ಕಲ್ಲುಮನೆಯ ಆರು ಜನ ಹೊಸಬರು ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿದ್ದರು. ಡೋರೀನ್ ಅವರಿಗೆ ಆ ಬಾಗಿಲನ್ನೇ ತೋರಿಸಿ, "ನೀವೂ" ಅಂದಳು. ಗ್ರೇಡನ್ ಬದಿಗೆ ಸರಿದ. ಅವರು ಒಬ್ಬರ ಹಿಂದೊಬ್ಬರು ಹಲಗೆಯ ಮೇಲೆ ಹೆಜ್ಜೆಯಿಟ್ಟು, ಚಾವಣಿಯಿಲ್ಲದ ಹಜಾರದೊಳಗೆ ಹೋದರು. ಒಬ್ಬೊಬ್ಬರಾಗಿ ಹೊರಗೆ ಬಂದರು. ಒಬ್ಬೊಬ್ಬ ಬಂದಾಗಲೂ ಡೋರೀನ್ ಅವನ ತೋಳು ಮುಟ್ಟಿ, ಮೆಟ್ಟಿಲು ಇಳಿಸಿ ಬಿಟ್ಟಳು.

ಆರನೆಯವನು ಇಳಿದು ಹೋದ. ಡೋರೀನ್ ಕೈ ಮುಂದೆ ಚಾಚಿಕೊಂಡು ಬಾಗಿಲನ್ನೇ ನೋಡುತ್ತ ನಿಂತಿದ್ದಳು. ಸಾಕು ಬನ್ನಿ ಎಂದು ಕರೆಯಲು ವರ್ನಾಳಿಗೆ ಧೈರ್ಯವಾಗಲಿಲ್ಲ. ಅವಳ ಪಕ್ಕದಲ್ಲಿ ಹೋಗಿ ನಿಂತು ತಾನೂ ನೋಡಿದಳು.